ದೋಸೆ ಎರೆಯುವ ಎಡಗೈಯವರ ಸನ್ನಿಧಾನಕ್ಕೆ

ಮಾನ್ಯ ಎಡಗೈಯವರೇ,

ಡೊಂಬಿವಲಿ ಸ್ಟೇಷನ್ ಬಳಿಯ ನಮ್ಮ ಹೋಟೆಲಿನಲ್ಲಿ ಮೂವತ್ತೆಂಟು ವರ್ಷ ದೋಸೆ ಎರೆದೂ ಒಬ್ಬ ಗಿರಾಕಿಯ ಕಣ್ಣಿಗೂ ಬೀಳದ ತಮಗೆ, ತಮ್ಮ ಒಡೆಯರಾದ ವಸಂತಕುಮಾರ ರಾಯರ ಹೆಂಡತಿ ಸತ್ಯಭಾಮಾಳ ನಮಸ್ಕಾರಗಳು. ತಾವೀಗ ಠಾಣೆಯ ಆಸ್ಪತ್ರೆಯಲ್ಲಿ ದಿಂಬಿನ ಮೇಲೆ ಸುಖವಾಗಿ ಪವಡಿಸಿದ್ದೀರಿ. ನಾನು ಪಕ್ಕದ ಸ್ಟೂಲಿನಲ್ಲಿ ಕೂತು ಈ ದೂರು ಬರೆಯುತ್ತಿದ್ದೇನೆ.

ಎದೆಬಡಿತ ನಿಧಾನಗೊಂಡು ಕಾವಲಿಯ ಮುಂದೆಯೇ ಕುಸಿದ ಇವರಿಗೆ ಪೇಸ್‌ಮೇಕರ್ ಕೂರಿಸಬೇಕೆಂದು ಡಾಕ್ಟರು ಹೇಳಿದ ಮೇಲೆ, ನಿನ್ನೆ ಬೆಳಿಗ್ಗೆ ಸಿಸ್ಟರ್ ಗಂಗಾ ತಯಾರಿಗೆ ಬಂದರಷ್ಟೆ. ಏಕಾದಶಿಯನ್ನೂ ನಾಚಿಸುವ ಉಪವಾಸ ಹಾಕಿಸಿದರು, ಎದೆಯ ಕೂದಲು ಬೋಳಿಸಿದರು, ಉಂಗುರ ಬಿಚ್ಚಿಸಿದರು, ಎಲ್ಲಕ್ಕೂ ಇವರು ಹಸುವಿನಂತೆ ಒಪ್ಪಿದರು. ಕೊನೆಗೆ ಫಾರಂ ಹಿಡಿದು, ಕೆಲಸ ಮಾಡುವ ಕೈ ಯಾವುದು ಎಂದು ಕೇಳಿದರು. ಯಂತ್ರವನ್ನು ಇನ್ನೊಂದು ಬದಿಗೆ ಕೂರಿಸುತ್ತಾರಂತೆ. ಆ ಬದಿಯ ಕೈಯನ್ನು ಒಂದು ತಿಂಗಳು ಹೆಗಲಿಗಿಂತ ಮೇಲೆ ಎತ್ತಿದರೆ ಒಳಗಿನ ತಂತಿ ಜರುಗುವ ಭಯವಂತೆ.

ಇವರು ಬಲಗೈ ಎಂದುಬಿಟ್ಟರು!

ಯಾಕೆಂದರೆ ಮಂಚದ ಬುಡದಲ್ಲಿ ಇವರ ಅಣ್ಣ, ನಮ್ಮ ಸಂಕರ್ಷಣ ಭಾವ, ನಿಂತಿದ್ದರು. ಊರಿಂದ ಬಂದ ಹೊಸತರಲ್ಲಿ, ಎಡಗೈ ಅನ್ನ ಮುಟ್ಟಬಾರದೆಂದು ಸಟ್ಟುಗದಿಂದ ತಮ್ಮ ಬೆನ್ನಿಗೆ ಬಾರಿಸಿದವರು ಅವರೇ ಅಲ್ಲವೇ? ಅಂದಿನಿಂದ ತಾವು ಅಡುಗೆಮನೆಯ ಬಾಗಿಲು ಅರ್ಧ ಮುಚ್ಚಿ ಸೌಟು ತಿರುಗಿಸುವುದು, ತಟ್ಟೆ ಹಿಡಿದು ಹೊರಬಂದು ಬಲಗೈಯವರು ಹೊಗಳಿಕೆ ಪಡೆಯುವುದು. ಆಹಾ, ಎಂಥ ವಿನಯ! ತಮ್ಮಂಥವರು ಮುಂಬಯಿಯ ಮಂತ್ರಾಲಯದ ಸರ್ಕಾರಿ ಕಚೇರಿಯಲ್ಲಿದ್ದಿದ್ದರೆ ಒಂದು ಫೈಲೂ ಹೊರಗೆ ಸೋರುತ್ತಿರಲಿಲ್ಲ.

ಆದರೆ ಮಹನೀಯರೇ, ತಾವು ಸುಮ್ಮನೆ ಕೂರುವ ಪೈಕಿಯೇ? ಯಂತ್ರ ತಮ್ಮ ಬದಿಗೆ ಕೂತರೂ ಮೂರನೇ ದಿನಕ್ಕೆ ಕಾವಲಿಯ ಮುಂದೆ ಹಾಜರಾಗುತ್ತಿದ್ದಿರಿ, ತಂತಿ ಜರುಗುತ್ತಿತ್ತು, ನನ್ನ ಗತಿ ಏನಾಗುತ್ತಿತ್ತು? ಇವರಿಗೆ ಕಣ್ಸನ್ನೆ ಮಾಡಿದರೆ ಇವರು ಫ್ಯಾನ್ ನೋಡುತ್ತಿದ್ದರು. ತಾವಾದರೂ ಎದ್ದು, ಆ ಪೆನ್ನು ಕಸಿದುಕೊಂಡು, ತಮ್ಮ ಅಸ್ತಿತ್ವದ ಬಗ್ಗೆ ಒಂದು ಅಫಿಡವಿಟ್ ಬರೆದುಕೊಡಬಾರದಿತ್ತೇ?

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವನೇ ಸಿಸ್ಟರಿಗೆ ಮರಾಠಿಯಲ್ಲಿ, ಎಡಗೈ ಎಂದು ತಿದ್ದಿ ಅಂದರು. ಅರ್ಧ ಮುಚ್ಚಿದ ಬಾಗಿಲಿನ ಸಂದಿಯಿಂದ ಅವರು ಎಷ್ಟೋ ವರ್ಷಗಳಿಂದ ತಮ್ಮನ್ನು ನೋಡುತ್ತಲೇ ಇದ್ದರಂತೆ. ಹೊಡೆದದ್ದು ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬಂದಿರಲಿಲ್ಲವಂತೆ. ಹಾಗೆಂದವರು ತಮ್ಮನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ಇವರೂ ಅತ್ತರು. ಸಿಸ್ಟರ್ ಫಾರಂ ತಿದ್ದಿ, ಎದೆಬಡಿತ ಏರುಪೇರಾಗುತ್ತದೆಂದು ಇಬ್ಬರನ್ನೂ ಗದರಿದರು. ಯಂತ್ರ ಬಲಬದಿಯಲ್ಲಿ ಕೂತಿದೆ, ನಾಡಿ ಸರಿಯಾಗಿ ಹೊಡೆಯುತ್ತಿದೆ.

ಮದುವೆಯಾದಂದಿನಿಂದ ತಮ್ಮ ಗುಟ್ಟನ್ನು ಮೂವತ್ತು ವರ್ಷ ಕಾಯ್ದು ಸುಸ್ತಾದ,
ತಮ್ಮ ವಿಶ್ವಾಸಿ,
ಸತ್ಯಭಾಮಾ

ತಾ.ಕ.: ಮನೆಯಲ್ಲಿ ತರಕಾರಿ ಹೆಚ್ಚಲು ಕರೆದಾಗಲೆಲ್ಲ, ಅಣ್ಣ ನೋಡಿದರೆ ಕಷ್ಟ ಎಂದು ತಾವು ಜೇಬಿನೊಳಗೆ ಅಡಗುತ್ತಿದ್ದಿರಿ. ಇನ್ನು ಆ ನೆಪ ನಡೆಯುವುದಿಲ್ಲ. ಡಿಸ್ಚಾರ್ಜ್ ಆದ ದಿನವೇ ಎರಡು ಕಿಲೋ ಅಲಸಂಡೆ ತರಿಸುತ್ತೇನೆ. ಭಾವನನ್ನೂ ಊಟಕ್ಕೆ ಕರೆದಿದ್ದೇನೆ.