ನನ್ನ ಲಟ್ಟಣಿಗೆ, ಅವರ ಕಿವಿ

ನಮ್ಮ ಮನೆಯವರಷ್ಟು ಸೂಕ್ಷ್ಮವಾದ ಕಿವಿ ಇಡೀ ಮನಗೂಳಿಯಲ್ಲಿ ಯಾರಿಗೂ ಇರಲಿಲ್ಲ. ಹೆಂಡತಿ ಕರೆದಾಗ ಮಾತ್ರ ಅದು ಕಿವುಡು! ಅಡಿಗೆಮನೆಯಿಂದ ಗಂಟಲು ಹರಿಯುವಂತೆ ಕೂಗಿದರೂ 'ಹಾಂ' ಎನ್ನದ ಮನುಷ್ಯ, ಓಣಿಯಾಚೆ ಯಾರದೋ ಇಂಜಿನ್ ತಡವರಿಸಿದರೆ ಊಟ ಬಿಟ್ಟು ಏಳುತ್ತಿದ್ದರು. ಅವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಹೆಸರು ಹಿಡಿದು ಕರೆದಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ ಬಿಡಿ.

ಆಗಿನ್ನೂ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹತ್ತಿ ವ್ಯಾಪಾರಕ್ಕೆ ಇಂಡಿ, ಸಿಂದಗಿ ತಿರುಗಲು ಅವರು ಸೊಲ್ಲಾಪುರದಿಂದ ಹಳೆಯ ಮೋಟಾರ್ ಸೈಕಲ್ ತಂದದ್ದು ನಮ್ಮ ಮದುವೆಯಾದ ತಿಂಗಳೇ. ಆರತಿ ನನಗೂ ಆಯಿತು, ಅದಕ್ಕೂ ಆಯಿತು. ಆಮೇಲಿನ ಅಕ್ಕರೆಯೆಲ್ಲ ಅದಕ್ಕೇ! ನನಗೆ ಹೊಟ್ಟೆಕಿಚ್ಚೇ? ಹೌದು, ಹೊಟ್ಟೆಕಿಚ್ಚೇ. ಆ ಕಿವಿ ಒಂದು ಸಲವಾದರೂ ನನ್ನ ಕಡೆ ತಿರುಗಲಿ ಎಂದು ಒಳಗೊಳಗೇ ಉರಿಯುತ್ತಿದ್ದೆ.

ದಿನಾ ಬೆಳಗ್ಗೆ ಅಂಗಳದಲ್ಲಿ ಅದರ ಸೇವೆ. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು, ಅದರ ಸಣ್ಣ ತೂತಿಗೆ ಬಾಯಿಂದ ಊದುವುದು, ಸ್ಕ್ರೂ ಒಂದಿಷ್ಟು ಬಿಗಿ, ಒಂದಿಷ್ಟು ಸಡಿಲ. ಆಮೇಲೆ ನನ್ನ ಲಟ್ಟಣಿಗೆ! ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು.

"ಹಬ್ಬದ ಹೋಳಿಗಿ ಯಾವಾಗ ಲಟ್ಟಸ್ಲಿರಿ?" ಎಂದೆ ಒಮ್ಮೆ.

"ಸುಮ್ಕಿರ. ಅದಕ್ಕ ಉಸರ ಕಟ್ಟಾಕತ್ತೈತಿ."

"ನನಗೂ ಕಟ್ಟೇತ್ರಿ!"

ಆ ಮಾತು ಕೇಳಿಸಲಿಲ್ಲ. ಸಂಜೆ ಅತ್ತೆ ಹೋಳಿಗೆ ಮುರಿದು ಮೂಸಿ, "ಯಾವ ಎಣ್ಣಿ ಹಾಕೀಯವಾ?" ಎಂದು ನನ್ನನ್ನೇ ಕೇಳಿದರು.

ಇನ್ನೊಂದು ದಿನ ಟ್ರಂಕಿನಲ್ಲಿಟ್ಟಿದ್ದ ನಮ್ಮ ಲಗ್ನಪತ್ರಿಕೆ ಮಾಯ! ನೋಡಿದರೆ, ಅದರದೊಂದು ಪಟ್ಟಿ ಅವರ ಕೈಯಲ್ಲಿ. ಕಿಡಿ ಕೊಡುವ ಪಾಯಿಂಟುಗಳ ನಡುವಿನ ಸಂದಿಗೆ ತೂರಿಸಿ ಅಳತೆ ನೋಡುತ್ತಿದ್ದರು.

"ಭಾಳ ಛಲೋ ಕಾಗದ. ಇಷ್ಟ ದಪ್ಪ ಸಂದ ಇಟ್ರ ಒಂದ ಒದಿತಕ್ಕ ಸುರು ಆಗ್ತೈತಿ!"

"ಅದರಾಗ ನನ್ನ ಹೆಸರ ಇತ್ತಲ್ರಿ!"

"ನಿಂದ ಹಂಗ ಐತಿ ನೋಡು. ನನ್ನ ಹೆಸರ ಇದ್ದದ್ದ ತುಂಡ ಕತ್ತರಿಸೇನಿ."

ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

ಮರುವರ್ಷ ನಾನು ತುಂಬಿದ ಬಸುರಿ. ಒಂದು ಬೆಳಗ್ಗೆ ಎದ್ದಾಗ ಕೂಸು ಮಿಸುಕಲಿಲ್ಲ. ಬಿಸಿಲೇರಿದರೂ ಮಿಸುಕಲಿಲ್ಲ. ಅಂಗಳದಲ್ಲಿ ಇಂಜಿನ್ ಓಡುತ್ತಿತ್ತು, ಅವರ ಕಿವಿ ಅಲ್ಲೇ ಇತ್ತು. ಹೊಸ್ತಿಲಲ್ಲಿ ನಿಂತು "ಏನ್ರಿ..." ಎಂದೆ. ದನಿ ನನಗೇ ಕೇಳಿಸಲಿಲ್ಲ.

ಅವರು ತಟ್ಟನೆ ತಿರುಗಿದರು.

"ಯಾಕ? ನಿನ್ನ ದನಿ ಸರಿ ಇಲ್ಲ."

"ಕೂಸು ಮಿಸುಕವಲ್ದರಿ."

ಇಂಜಿನ್ ಹಾಗೇ ಬಿಟ್ಟು, ಲಟ್ಟಣಿಗೆ ಹಿಡಿದುಕೊಂಡೇ ಒಳಗೆ ಓಡಿ ಬಂದರು. ನನ್ನನ್ನು ಮಲಗಿಸಿ, ಅದರ ತುದಿಯನ್ನು ಧೋತರದಿಂದ ಒರೆಸಿ, ಹೊಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಕಿವಿ ಹಚ್ಚಿದರು. ಒಂದು ಕಡೆ ಕೇಳಿದರು, ಇನ್ನೊಂದು ಕಡೆ ಕೇಳಿದರು.

"ಓಡಾಕತ್ತೈತಿ," ಎಂದರು. ಕಣ್ಣು ತುಂಬಿದ್ದವು. "ಒಂದ ಸಮ ಓಡಾಕತ್ತೈತಿ. ಅಂಜಬ್ಯಾಡ. ಚಕ್ಕಡಿ ಹೂಡಸ್ತೇನಿ, ಬಾಗೇವಾಡಿ ದವಾಖಾನ್ಯಾಗೂ ತೋರಸೂಣು."

ಹಾಗೆಂದರೂ ಏಳಲಿಲ್ಲ, ಕಿವಿ ತೆಗೆಯಲಿಲ್ಲ. ಅಂಗಳದಲ್ಲಿ ಇಂಜಿನ್ ತಡವರಿಸಿತು, ಕೆಮ್ಮಿತು, ಕೊನೆಗೆ ನಿಂತೇ ಹೋಯಿತು.

ಅವರಿಗೆ ಅದು ಕೇಳಿಸಲೇ ಇಲ್ಲ.