ಶೆಟ್ರ ಸ್ಪೋರ್ಟ್ಸ್ ಕಾರಿಗೆ ಗೇರು ಬೇಕೋ ಬೇಡವೋ

ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ನಗು ಬರುವುದು ಯಾವತ್ತೂ ತಡವಾಗಿ. ಸಂಗತಿ ನಡೆಯುವಾಗ ಜೀವ ಬಾಯಿಗೆ ಬಂದಿರುತ್ತದೆ. ಮನೆಗೆ ಹೋಗಿ ಕೈಕಾಲು ತೊಳೆದು ಗಂಜಿ ಉಣ್ಣಲು ಕೂತಾಗ ನಗು ಬರುತ್ತದೆ, ಅದೂ ಒಬ್ಬನಿಗೇ. ಕುಂದಾಪುರದಲ್ಲಿ ಇಪ್ಪತ್ತೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಕಲಿಯುವವರ ಪಕ್ಕ ಕೂತು, ನನ್ನ ಕಡೆ ಇರುವ ಕ್ಲಚ್ಚು ಬ್ರೇಕು ತುಳಿದು ತುಳಿದು ಎಡಮೊಣಕಾಲು ಸವೆದಿದೆ. ಈಗೀಗ ಬರುವವರು ಬಾಗಿಲಲ್ಲೇ ನಿಂತು, "ಆಟೋಮ್ಯಾಟಿಕ್ ಕಾರ್ ಇತ್ತಾ?" ಎಂದು ಕೇಳಿ, ಇಲ್ಲವೆಂದರೆ ಹಾಗೇ ತಿರುಗಿ ಹೋಗುತ್ತಾರೆ. ಕೆಲವು ದಿನ ನಾನೊಬ್ಬನೇ ಆಫೀಸಿನಲ್ಲಿ ಕೂತು ಗೋಡೆಯ ಮೇಲಿನ ಟ್ರಾಫಿಕ್ ಚಿಹ್ನೆಗಳನ್ನು ನೋಡುತ್ತೇನೆ. ಹೆಚ್ಚಿನವು ಏನೋ ಒಂದನ್ನು ಮಾಡಬೇಡ ಎಂದೇ ಹೇಳುತ್ತವೆ.

ಇಂಥ ದಿನಗಳಲ್ಲೂ ನಗುವ ಸಂಗತಿಗಳು ಮಾತ್ರ ನಿಂತಿಲ್ಲ. ಕಳೆದ ವರ್ಷ ನಡೆದವೆಲ್ಲ ತೆಕ್ಕಟ್ಟೆಯ ಒಬ್ಬರು ಶೆಟ್ರ ಲೆಕ್ಕದವು.

ಬಟಾಟೆ

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಶೆಟ್ರು ನನ್ನ ಆಫೀಸಿಗೆ ಬಂದರು. ಅರವತ್ತೆರಡರ ಪ್ರಾಯ, ಬಿಳಿ ಪಂಚೆ, ಕೈಯಲ್ಲಿ ಒಂದು ಕಾರಿನ ಚಿತ್ರ. ಪುಣೆಯಲ್ಲಿ ಎರಡು ಹೋಟೆಲು ಮಾಡಿದವರು. ಹೆಂಡತಿ ತೀರಿ ಒಂದು ವರ್ಷವಾಗಿತ್ತು. ಹೋಟೆಲುಗಳನ್ನು ಮಗಳಿಗೆ ವಹಿಸಿ, ತೆಕ್ಕಟ್ಟೆಯಲ್ಲಿ ಅಕ್ಕನ ಮನೆಗೆ ಬಂದು ಉಳಿದಿದ್ದರು.

"ಹ್ವಾಯ್, ನಂಗೊಂದ್ ಸ್ಪೋರ್ಟ್ಸ್ ಕಾರ್ ಬೇಕ್. ಗೇರಿಂದಾ, ಆಟೋಮ್ಯಾಟಿಕ್ಕಾ, ನೀವ್ ಹೇಳ್ಕ್" ಎಂದರು.

"ಯಾರಿಗ್ ಶೆಟ್ರೆ? ಮಗಳಿಗಾ?"

"ನಂಗೇ."

"ಮುಂಚೆ ಎಂತ ಓಡ್ಸಿದ್ರಿ?"

"ಟೆಂಪೊ. ಹೋಟ್ಲ್ ಶುರು ಮಾಡುಕ್ ಮುಂಚೆ ಹನ್ನೊಂದ್ ವರ್ಷ ಮಾರ್ಕೆಟಿಂದ ಬಟಾಟೆ ಹೊತ್ತದ್ದೇ ಹೊತ್ತದ್ದ್. ಹಿಂದೆ ಬಟಾಟೆ ಇಲ್ದೆ ನಾ ಗಾಡಿ ಓಡ್ಸದ್ದೇ ಇಲ್ಲೆ."

ಚಿತ್ರ ನೋಡಿದೆ. ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡ ಹಾಗಿರುವ ಗಾಡಿ, ಎರಡೇ ಬಾಗಿಲು, ಎರಡೇ ಸೀಟು. ಗೊತ್ತಿಲ್ಲದೆ ತೆಗೆದುಕೊಂಡು ಆಮೇಲೆ ಬೇಸರ ಮಾಡಿಕೊಳ್ಳುವುದು ಬೇಡ ಎಂದು ಹೇಳಿದೆ: "ಇದ್ರಂಗೆ ಹಿಂದೆ ಸೀಟೇ ಇಲ್ಲೆ ಶೆಟ್ರೆ."

"ಒಳ್ಳೇದಾಯ್ತ್" ಎಂದರು ಶೆಟ್ರು. "ಇದ್ರೆ ಯಾರಾರೂ ಬಟಾಟೆ ತುಂಬ್ತ್ರ್."

ಚಪ್ಪಲಿ

ಆ ಭಾನುವಾರ ಮಾತಾಡಲು ತೆಕ್ಕಟ್ಟೆಗೆ ಹೋದೆ. ಪುಣೆಯಿಂದ ಮಗಳು ಫೋನಿನಲ್ಲಿದ್ದಳು. "ಗೇರ್ ಬೇಡ ಅಪ್ಪಾ, ಗೇರ್ ಇಲ್ಲದ್ದೇ ತಗೊಳ್ಳಿ" ಎಂದು ಅವಳು. "ಗೇರ್ ಇಲ್ದಿದ್ರೆ ಅದೊಂದ್ ಕಾರಾ? ಗೇರ್ ಬೇಕೇ ಬೇಕ್" ಎಂದು ಇವರು. ಒಂದು ಗಂಟೆ ಇದೇ ನಡೆಯಿತು. ಶೆಟ್ರ ಅಕ್ಕನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಒಳಗಿಂದ ಹುರಿದ ಗೋಡಂಬಿಯ, ಅಂದರೆ ನಮ್ಮ ಕಡೆಯ ಗೇರುಬೀಜದ, ಡಬ್ಬಿ ತಂದು ನಮ್ಮ ನಡುವೆ ಕುಕ್ಕಿದರು.

"ಗೇರ್ ಬೇಕಾರೆ ತಿನ್ನಿ, ಬ್ಯಾಡ್ದಿದ್ರೆ ಬಿಡಿ. ಇಷ್ಟ್ ಚರ್ಚೆ ಎಂತಕೆ?"

ನಾನು ಹೊರಟಾಗ ಅಕ್ಕ ಗೇಟಿನವರೆಗೆ ಬಂದರು. ದನಿ ತಗ್ಗಿಸಿ, "ನೀವ್ ಗೇರಿನ್ ಕಾರ್ ಕೊಡ್ಸ್‌ಬ್ಯಾಡಿ ಮಾರಾಯ್ರೆ" ಎಂದರು. ಅಂದರೆ ಎಲ್ಲ ಅರ್ಥವಾಗಿಯೇ ಡಬ್ಬಿ ತಂದಿದ್ದರು.

"ಎಂತಕ್ ಅಕ್ಕಾ?"

"ಸಕ್ರಿ ಕಾಯ್ಲಿ. ಎಡಗಾಲಿನ್ ಪಾದಕ್ಕೆ ಎಂತದೂ ಗೊತ್ತಾತಿಲ್ಲೆ. ಹೇಳ್ರೆ ಒಪ್ಪುದಿಲ್ಲೆ ಅವ."

ಹಿಂದಿನ ವಾರ ಶೆಟ್ರು ಮೀನು ತರಲು ಪೇಟೆಗೆ ನಡೆದು ಹೋಗಿದ್ದರಂತೆ. ಹೊರಡುವಾಗಲೇ ಎಡಗಾಲಿನ ಚಪ್ಪಲಿ ಜಗಲಿಯಲ್ಲಿ ಕಳಚಿಕೊಂಡಿದೆ. ಅವರಿಗೆ ತಿಳಿದೇ ಇಲ್ಲ. ಡಾಂಬರು, ಜಲ್ಲಿ, ಎಲ್ಲದರ ಮೇಲೆ ಬರಿಗಾಲಲ್ಲಿ ನಡೆದು, ಬಂಗುಡೆ ಹಿಡಿದುಕೊಂಡು ವಾಪಸು ಬಂದಿದ್ದಾರೆ. ಪಾದದಲ್ಲಿ ರಕ್ತ. ಅಕ್ಕ ಕಣ್ಣೀರು ಹಾಕುತ್ತ ಅರಸಿನ ಹಚ್ಚುತ್ತಿದ್ದರೆ ಇವರು ಕಾಲು ನೋಡಿಕೊಂಡು ಕೂಗಾಡಿದ್ದಾರೆ:

"ಮೀನ್ ಮಾರ್ಕೆಟಂಗೆ ಎಂತ ಮರ್ಲ್ ಕಳ್ಳ ಇದ್ದ ಕಾಣ್! ಕದ್ದದ್ದ್ ಕದ್ದ, ಒಂದೇ ಚಪ್ಪಲಿ ತಕಂಡ್ ಹೋಯಿದ!"

ಕಾಲಿಗೆ ಜೀವ

ಇಷ್ಟು ಗೊತ್ತಾದ ಮೇಲೆ ನಾನು ಶೆಟ್ರಿಗೆ ಬೇಡವೆಂದು ನೇರ ಹೇಳಬೇಕಿತ್ತು. ಹೇಳಲಿಲ್ಲ. "ಮೊದ್ಲ್ ನನ್ನ ಸ್ಕೂಲಿನ್ ಕಾರ್ ಓಡ್ಸಿ ಕಾಂಬ" ಎಂದೆ. ಕ್ಲಚ್ಚು ಆಗದು ಎಂದು ಅವರಿಗೇ ತಿಳಿಯಲಿ ಎಂಬುದು ನನ್ನ ಲೆಕ್ಕ.

ಕೋಡಿ ಕಡೆಯ ರಸ್ತೆಯಲ್ಲಿ ಬೆಳಿಗ್ಗೆ ಗಾಡಿಗಳು ಕಡಿಮೆ. ಮೊದಲ ಸಲ ಕ್ಲಚ್ ಬಿಟ್ಟಾಗ ಕಾರು ಕಪ್ಪೆಯ ಹಾಗೆ ಹಾರಿ ನಿಂತಿತು. ಎರಡನೇ ಸಲವೂ ಅದೇ. ಮೂರನೇ ಸಲ ಶೆಟ್ರು ಬಗ್ಗಿ, ಕಾಲು ಕ್ಲಚ್ಚಿನ ಮೇಲೆ ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿದರು. ಹಾಗೆ ನೋಡುವಾಗ ಅವರ ಮುಖ ಹೇಗಿತ್ತೆಂದರೆ, ಮಾರ್ಕೆಟಿನಲ್ಲಿ ಜೇಬು ತಡಕಿ ಪರ್ಸಿಲ್ಲ ಎಂದು ಗೊತ್ತಾದವನ ಮುಖ.

ನನಗೆ ತಡೆಯಲಾಗಲಿಲ್ಲ. ನಾಲ್ಕನೇ ಸಲ ನನ್ನ ಕಡೆಯ ಕ್ಲಚ್ಚನ್ನು ನಾನೇ ತುಳಿದೆ, ನಾನೇ ಮೆಲ್ಲಗೆ ಬಿಟ್ಟೆ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಟಿತು. ಎರಡನೇ ಗೇರು, ಮೂರನೇ ಗೇರು. ಟೆಂಪೊ ಓಡಿಸಿದ ಕೈ, ಗೇರು ಮಾತ್ರ ಚೆಂದ ಹಾಕುತ್ತಿದ್ದರು. ಸಮುದ್ರ ಕಾಣುವಲ್ಲಿಗೆ ಹೋಗಿ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಗಳಗಳ ಅತ್ತುಬಿಟ್ಟರು.

"ಕಾಲಿಗ್ ಜೀವ ಬಂತ್ ಮಾರಾಯ್ರೆ!"

ಇನ್ನೂ ಮೂರು ದಿನ ಅವರ ಕಾಲಿನ ಕೆಲಸವನ್ನು ನನ್ನ ಕಾಲು ಮಾಡಿತು. ರಾತ್ರಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ನನ್ನ ಹೆಂಡತಿ ಬೈದಳು, "ಸುಳ್ಳ್ ಹೇಳುಕೂ ಒಂದ್ ಮಿತಿ ಬ್ಯಾಡ್ದಾ? ನಾಳೆ ಆ ಜನ ಎಲ್ಲಿಗಾರೂ ಗುದ್ದ್‌ರೆ?" ಅವಳು ಹೇಳಿದ್ದು ಸರಿ. ಮರುದಿನ ಸತ್ಯ ಹೇಳಿಯೇ ಬಿಡುವುದೆಂದು ಆಫೀಸಿಗೆ ಹೋದರೆ ಬಾಗಿಲಲ್ಲಿ ಬ್ರಹ್ಮಾವರದಿಂದ ಬಂದ ಇಬ್ಬರು ವಯಸ್ಸಾದವರು ಕೂತಿದ್ದರು. ಇಬ್ಬರೂ ಶೆಟ್ರ ಪರಿಚಯದವರು. ಒಬ್ಬರ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ.

"ಹ್ವಾಯ್, ಸಕ್ರಿ ಕಾಯ್ಲಿಯರ ಕಾಲಿಗ್ ಜೀವ ಬರ್ಸುದ್ ಇಲ್ಲೇಯಾ? ಖಾಲಿ ಹೊಟ್ಟಿಯಂಗೆ ಬರ್ಕಾ, ಉಂಡ್ಕಂಡ್ ಬರ್ಕಾ?"

ಫೀಲು

ಹೇಳುವುದು ನಾಳೆ ನಾಳೆ ಎಂದು ಮುಂದೆ ಹೋಗಿ, ಕೊನೆಗೆ ಮಂಗಳೂರಿನ ಶೋರೂಮಿನವರೆಗೆ ಬಂದು ನಿಂತಿತು. ಅಲ್ಲಿ ಒಂದೇ ಮಾದರಿಯ ಎರಡು ಸೆಕೆಂಡ್ ಹ್ಯಾಂಡ್ ಕಾರು, ಎರಡೂ ಕೆಂಪು. ಒಂದಕ್ಕೆ ಗೇರು, ಇನ್ನೊಂದು ಆಟೋಮ್ಯಾಟಿಕ್. ಟೈ ಕಟ್ಟಿದ ಸೇಲ್ಸಿನವರು ವಿವರಿಸಿದರು.

"ಆಟೋಮ್ಯಾಟಿಕ್ ಆರಾಮ ಸರ್. ಆದ್ರೆ ಮ್ಯಾನುವಲ್‌ನಲ್ಲಿ ಒಂದು ಫೀಲ್ ಇದೆ. ಕ್ಲಚ್ ಒತ್ತಿದ ಕೂಡ್ಲೆ ಕಾಲಿಗೇ ಗೊತ್ತಾಗ್ತದೆ."

"ಅದೇ ಬೇಕ್ ನಂಗೆ" ಎಂದು ಶೆಟ್ರು ಪೆನ್ನು ತೆಗೆದರು.

"ಒಂದ್ನಿಮ್ಷ" ಎಂದು ಅವರ ಕೈ ಹಿಡಿದು ಮೂಲೆಯ ಸೋಫಾದಲ್ಲಿ ಕೂರಿಸಿದೆ.

"ಶೆಟ್ರೆ, ಕ್ಲಚ್ ತುಳ್ದದ್ದ್ ನಾನ್."

"ಯಾವತ್ತ್?"

"ಎಲ್ಲಾ ದಿನ."

ಶೆಟ್ರು ತಮ್ಮ ಎಡಗಾಲನ್ನು ನೋಡಿದರು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ತುಂಬ ಹೊತ್ತು ನೋಡಿದರು. "ನನ್ನನ್ ಸಣ್ಣ್ ಮಗು ಮಾಡ್ದ್ರಿ ಅಲ್ದಾ?" ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಬೈಯಲಿಲ್ಲ.

"ಗೇರ್ ಎಂತಕ್ ಬೇಕಂದೆ ಗೊತ್ತಿತ್ತಾ? ಟೆಂಪೊ ಓಡ್ಸುವತಿಗೆ ಹೆಂಡ್ತಿ ನನ್ನ ಪಕ್ಕ ಕೂಕಂತಿದ್ದಳ್. ಗೇರ್ ಹಾಕಿ ಆದ್ ಮೇಲೆ ನನ್ನ ಎಡ್ಗೈ ಅವ್ಳ್ ಕೈ ಮೇಲೆ ಹೋತಿತ್ತ್. ಸಿಗ್ನಲ್ ಬಂದ್ರೆ ಅವ್ಳೇ ಎತ್ತಿ ಗೇರಿನ್ ಮೇಲೆ ಇಡ್ತಿದ್ದಳ್. ಗೇರ್ ಇಲ್ದಿದ್ರೆ ಈ ಕೈ ಎಲ್ ಇಡುದ್ ಹೇಳಿ? ಖಾಲಿ ಸೀಟಿನ್ ಮೇಲೆ ಹೋತ್ತ್ ಮಾರಾಯ್ರೆ."

ಅಷ್ಟರಲ್ಲಿ ಸೇಲ್ಸಿನವರು ಫಾರ್ಮು ಹಿಡಿದುಕೊಂಡು ನಗುನಗುತ್ತ ಬಂದರು. "ಯಾವುದು ಸರ್ ಫೈನಲ್?"

"ಆಟೋಮ್ಯಾಟಿಕ್" ಎಂದರು ಶೆಟ್ರು. "ಗೇರಿಂದ್ ತಕಂಡ್ರೆ ಒಟ್ಟಿಗೆ ಇವ್ರ್ ಕಾಲೂ ತಕಣ್ಕಾತ್ತ್."

ಸೇಲ್ಸಿನವರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಬೇಸರದಿಂದ ತಲೆಯಾಡಿಸಿದರು. "ಅದು ಅಕ್ಸೆಸರೀಸ್‌ನಲ್ಲಿ ಬರುದಿಲ್ಲ ಸರ್."

ಇಬ್ಬರೇ ಕೂರುವ ಕಾರು

ಡಾಕ್ಟರು ಬಲಗಾಲು ಪರೀಕ್ಷಿಸಿ, ಆಟೋಮ್ಯಾಟಿಕ್ ಓಡಿಸಬಹುದು ಎಂದರು. ಎರಡು ವಾರ ಜೊತೆಗೆ ಕೂತು ಅಭ್ಯಾಸ ಮಾಡಿಸಿದೆ. ಕಾರು ಎಷ್ಟು ತಗ್ಗು ಎಂದರೆ ಶೆಟ್ರು ಒಳಗೆ ಬೀಳುತ್ತಿದ್ದರು, ಹೊರಗೆ ಬರಲು ಯಾರಾದರೂ ಎರಡೂ ಕೈ ಹಿಡಿದು ಎಳೆಯಬೇಕು. ಆ ಕೆಲಸ ನನ್ನದು.

ಒಂದು ದಿನ ಮಧ್ಯಾಹ್ನದ ಮೇಲೆ, "ಉಪ್ಪುಂದಕ್ಕ್ ಹೋಪ" ಎಂದರು. ಉಪ್ಪುಂದ ಅವರ ಹೆಂಡತಿಯ ತವರು. ಹೆಂಡತಿಯ ಅಣ್ಣ ತೆಂಗಿನಕಾಯಿ ವ್ಯಾಪಾರದವರು, ಸ್ಥಿತಿವಂತರು. ಟೆಂಪೊ ಓಡಿಸುವವನಿಗೆ ತಂಗಿಯನ್ನು ಕೊಡುವುದಿಲ್ಲ ಎಂದಿದ್ದರು. ಅವಳು ಅಣ್ಣನ ಮಾತು ಮೀರಿ ಮದುವೆಯಾದಳು. ಅಂದಿನಿಂದ ಮೂವತ್ತನಾಲ್ಕು ವರ್ಷ ಭಾವನಿಗೂ ಭಾವನಿಗೂ ಮಾತಿಲ್ಲ. ಅವಳು ತೀರಿದ ಹನ್ನೆರಡನೇ ದಿನದ ಕಾರ್ಯಕ್ಕೆ ಅಣ್ಣ ತೆಕ್ಕಟ್ಟೆ ಮನೆಯ ಗೇಟಿನವರೆಗೆ ಬಂದು, ನಿಂತು, ಹಾಗೇ ಹೋಗಿದ್ದರು. ಒಂದಲ್ಲ ಒಂದು ದಿನ ಚೆಂದದ ಕಾರಿನಲ್ಲಿ ನಿನ್ನ ತವರಿಗೆ ಹೋಗೋಣ ಎಂದು ಶೆಟ್ರು ಅವಳಿಗೆ ಹೇಳುತ್ತ ಬಂದಿದ್ದರಂತೆ. ಹೋಟೆಲಿನ ಗಡಿಬಿಡಿಯಲ್ಲಿ ಆ ದಿನ ಬರಲೇ ಇಲ್ಲ.

ಹೈವೇಯಲ್ಲಿ ಎರಡು ಸಲ ಅವರ ಎಡಗೈ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು. ನಾನು ಕಾಲು ಸರಿಸಲಿಲ್ಲ.

ಮನೆಯ ಮುಂದೆ ನಿಲ್ಲಿಸಿದಾಗ ಭಾವ ಹೊರಗೆ ಬಂದರು. ಎಪ್ಪತ್ತನಾಲ್ಕರ ದಪ್ಪ ಜೀವ. ಕಾರನ್ನು ನೋಡಿದರು, ಶೆಟ್ರನ್ನು ನೋಡಿದರು. ನಾನು ಇಳಿದು ನಮಸ್ಕಾರ ಮಾಡಿ, ಕೂರಿ ಎಂಬ ಹಾಗೆ ಬಾಗಿಲು ಹಿಡಿದೆ. ಭಾವ ಮಾತಿಲ್ಲದೆ ಬಂದು, ನಾನು ಬಿಟ್ಟ ಸೀಟಿನಲ್ಲಿ ಧೊಪ್ಪನೆ ಬಿದ್ದರು. ಶೆಟ್ರು ಮಾತಿಲ್ಲದೆ ಕಾರು ಹೊರಡಿಸಿದರು. ಎರಡೇ ಸೀಟಿನ ಕಾರು, ನಾನು ಅಂಗಳದಲ್ಲಿ ಉಳಿದೆ. ನನ್ನ ಫೋನು ಕಾರಿನೊಳಗೆ ಚಾರ್ಜಿಗೆ ಹಾಕಿದ್ದು ಹಾಗೇ ಹೋಯಿತು.

ಭಾವನ ಹೆಂಡತಿ ಎರಡು ಸಲ ಚಾ ಕೊಟ್ಟರು. "ಇಬ್ರೂ ಹೊಡ್ದಾಡ್ಕಂತ್ರಾ ಎಂತದ?" ಎಂದು ಕೇಳಿದರು. ಬಿಸಿಲು ಇಳಿದರೂ ಕಾರಿನ ಪತ್ತೆಯಿಲ್ಲ. ನಾನು ಕುಂದಾಪುರದ ಬಸ್ಸು ಹತ್ತಿದೆ. ತ್ರಾಸಿಯಲ್ಲಿ ನೋಡಿದರೆ ಆಚೆ ಬದಿ, ಸಮುದ್ರದ ಕಡೆ ಮುಖ ಮಾಡಿ ಕೆಂಪು ಕಾರು ನಿಂತಿದೆ! ಎರಡು ಕಿಟಕಿಯಿಂದ ಎರಡು ಕೈ ಬಸ್ಸಿನತ್ತ ಬೀಸುತ್ತಿವೆ. ಅಬ್ಬ, ರಾಜಿಯಾಯಿತು ಎಂದು ನನ್ನ ಎದೆ ಹಗುರಾಯಿತು. ನಾನೂ ಕೈ ಬೀಸಿದೆ. ಬಸ್ಸಿನವರೆಲ್ಲ ಬೀಸಿದರು. ಡ್ರೈವರು ಖುಷಿಯಿಂದ ಹಾರ್ನ್ ಬಾರಿಸಿಕೊಂಡೇ ಮುಂದೆ ಹೋದರು.

ಮರುದಿನ ಬೆಳಿಗ್ಗೆ ಶೆಟ್ರು ನನ್ನ ಫೋನು ಹಿಡಿದುಕೊಂಡು ಆಫೀಸಿಗೆ ಬಂದರು.

"ನೀವ್ ಎಂತ ಜನ ಮಾರಾಯ್ರೆ? ಇಬ್ರಿಗೂ ಏಳುಕಾತಿಲ್ಲೆ, ಬಂದ್ ಎಳೀರಿ ಅಂದೇಳಿ ಕೈ ಬೀಸ್ರೆ ಟಾಟಾ ಮಾಡ್ಕಂಡ್ ಹೋದ್ರಿ!"

"ಕಾರ್ ತಿರ್ಗ್ಸಿ ಮನಿಗ್ ಹೋಪುಕಾತಿತ್ತಲ್ದಾ?"

"ಹೋದ್ರೆ ಭಾವ ಇಳ್ದ್ ಒಳ್ಗ್ ಹೋತಿದ್ರ್. ಒಂದ್ ಮಾತೂ ಆಡಿರ್ಲಿಲ್ಲೆ ಇನ್ನೂ. ಅವ್ರ್ ಸಮುದ್ರ ಕಾಂತಿದ್ರ್, ನಾನೂ ಸಮುದ್ರ ಕಾಂತಿದ್ದೆ."

"ನಂಗೊಂದ್ ಫೋನ್ ಮಾಡುದಲ್ದಾ ಮತ್ತೆ?"

"ಮಾಡ್ದೆ! ನಿಮ್ ಫೋನ್ ಕಾರೊಳ್ಗೇ ಹೊಡ್ಕಂತ್. ಭಾವನ್ ಹತ್ರ ಕನ್ನಡ್ಕ ಇಲ್ಲೆ. ಯಾರದ್ದೋ ಫೋನ್ ಅಂದೇಳಿ ಎತ್ತಿ, 'ಹಲೋ, ಯಾರ್ ಮಾತಾಡುದ್?' ಅಂದ್ರ್."

"ನೀವ್ ಎಂತ ಅಂದ್ರಿ?"

"'ನಾನ್ ಭಾವ' ಅಂದೆ. ಅವ್ರ್ ಫೋನ್ ಕಿವಿಗ್ ಒತ್ತಿ ಹಿಡ್ದ್, 'ಹೇಳಿ, ಹ್ಯಾಂಗಿದ್ರಿ?' ಅಂದ್ರ್."

"ಆಮೇಲೆ ಫೋನ್ ಇಟ್ಟ್ ಮಾತಾಡಿದ್ರ್ಯಾ?"

ಶೆಟ್ರು ತಲೆ ತಗ್ಗಿಸಿದರು. "ಇಲ್ಲೆ. ಮುಖ ಕಾಣುಕೆ ಇಬ್ರಿಗೂ ನಾಚ್ಗಿ ಆತಿತ್ತ್. ಫೋನಂಗೇ ಮಾತಾಡ್ದದ್ದ್."

ನಾನು ಫೋನು ತೆಗೆದು ನೋಡಿದೆ. ಅಕ್ಕಪಕ್ಕ ಕೂತ ಇಬ್ಬರು ಮುದುಕರು, ಒಂದು ಮೊಳವೂ ಅಂತರವಿಲ್ಲದೆ, ಐವತ್ತೆರಡು ನಿಮಿಷ ಮಾತಾಡಿದ್ದರು. ನಡುವೆ ಎರಡು ಸಲ ನೆಟ್‌ವರ್ಕ್ ಸಿಗದೆ ಕಟ್ಟಾಗಿತ್ತು. ಎರಡು ಸಲವೂ ಶೆಟ್ರೇ ತಿರುಗಿ ಫೋನ್ ಮಾಡಿದ್ದರು.