ನೊಣದ ಎರಡನೇ ಲಗ್ನ

ನೊಣ ಸಾಕಿದ್ದ ಎರಡನೇ ಬಾಟಲಿಯಲ್ಲಿ ಒಂದೇ ಒಂದು ಮರಿಹುಳ ಹುಟ್ಟಿರಲಿಲ್ಲ. ಬುಧವಾರ ಬೆಳಿಗ್ಗೆ ಅದನ್ನು ಕಂಡ ಅಂಬ್ರಪ್ಪನ ಮುಖ ಮೂರು ದಿನದ ಕಟಿರೊಟ್ಟಿಯಂತೆ ಒಣಗಿಹೋಯಿತು.

ಸುರಪುರದ ಆ ಕಾಲೇಜಿನ ಲ್ಯಾಬಿನಲ್ಲಿ ಅವನು ಎಂಟು ವರ್ಷದಿಂದ ಹಂಗಾಮಿ ಅಟೆಂಡರ್. ಮರುದಿನ ಕಾಲೇಜು ತಪಾಸಣೆಯ ಕಮಿಟಿ ಬರುವುದಿತ್ತು. ನೊಣದ ಪ್ರಯೋಗ ಮೆಚ್ಚುಗೆಯಾದರೆ ನೌಕರಿ ಕಾಯಂ ಮಾಡಿಸುತ್ತೇನೆಂದು ಲ್ಯಾಬಿನ ದಾನೇಶ್ವರಿ ಮೇಡಂ ಮಾತು ಕೊಟ್ಟು ಯಾದಗಿರಿಗೆ ಹೋಗಿದ್ದರು. "ಬಾಟ್ಲಿ ಮುಟ್ಟಬ್ಯಾಡ, ಬರೇ ನೋಡ್ಕೋ" ಅಂದಿದ್ದರು. ಯಾಕೆಂದು ಹೇಳಿರಲಿಲ್ಲ. ಅಟೆಂಡರಿಗೆ ಕಾರಣ ಹೇಳುವ ರೂಢಿ ಅಲ್ಲಿರಲಿಲ್ಲ.

ಪಕ್ಕದ ಮೊದಲನೇ ಬಾಟಲಿಯಲ್ಲಿ ಹುಳಗಳು ಸಂತೆ ನೆರೆದಂತೆ ಗಿಜಿಗುಡುತ್ತಿದ್ದವು.

"ನೀ ಇದಕ್ಕ ತಿನ್ನಾಕ ಹಾಕಿಲ್ಲ ತಗೋ" ಅಂದಳು ಕಸ ಹೊಡೆಯುತ್ತಿದ್ದ ಶಂಕ್ರಮ್ಮ.

"ಎರಡಕ್ಕೂ ಒಂದೇ ಬಾಳಿಹಣ್ಣು ಹಾಕೀನಿ ಬೇ!"

ಚಹಾದ ಕಪ್ಪು ಹಿಡಿದು ಬಂದ ಕ್ಲರ್ಕ್ ಸಾಬಣ್ಣ ಬಗ್ಗಿ ನೋಡಿ ತೀರ್ಪು ಕೊಟ್ಟ. "ಹೆಣ್ಣು ಬಂಜಿ ಅದಾವ. ನನ್ನ ನೋಡು. ಮೊದಲನೇದಾಕಿ ಹತ್ತು ವರ್ಷ ಏನೂ ಹಡೀಲಿಲ್ಲ. ಎರಡನೇದಾಕಿ ಬಂದ್ಲು, ಏಳೇ ತಿಂಗಳಿಗೆ ಗಂಡಮಗ! ಮೂರೂವರಿ ಕಿಲೋ! ಗಂಡಸಿನಾಗ ಖೋಟ್ ಎಲ್ಲಿರ್ತದಪಾ? ಈ ಗಂಡುಗಳಿಗೂ ಎರಡನೇ ಲಗ್ನ ಮಾಡು."

"ಮೇಡಂ ಮುಟ್ಟಬ್ಯಾಡ ಅಂದಾರ್ರಿ..."

"ಖಾಲಿ ಬಾಟ್ಲಿ ತೋರಿಸಿದ್ರ ಕಮಿಟಿ ನಿನ್ನ ಕಾಯಂ ಮಾಡ್ತದೋ, ಮನಿಗೆ ಕಳಸ್ತದೋ?"

ಆ ಪ್ರಶ್ನೆಗೆ ಅಂಬ್ರಪ್ಪನ ಕೈ ತಾನೇ ಬಾಟಲಿಗೆ ಹೋಯಿತು. ನೊಣಗಳಿಗೆ ಅಮಲಿನ ಔಷಧಿ ಕೊಟ್ಟು ಮಲಗಿಸಿ, ಹೊಟ್ಟೆಯ ತುದಿ ಕಪ್ಪಗಿರುವ ಗಂಡುಗಳನ್ನು ಉಳಿಸಿ, ಹೆಣ್ಣುಗಳನ್ನು ಕಿಟಕಿಯಾಚೆ ಊದಿಬಿಟ್ಟ. ಮೊದಲನೇ ಬಾಟಲಿಯಿಂದ ಹನ್ನೆರಡು ದುಂಡನೆಯ ಹೆಣ್ಣುಗಳನ್ನು ತಂದು ಸಂಸಾರ ಹೂಡಿಸಿದ. ಶಂಕ್ರಮ್ಮ ಕಸಬರಿಗೆ ಹಿಡಿದೇ ಒಂದು ಸೋಬಾನೆ ಹಾಡಿದಳು.

ಗುರುವಾರ ಮಧ್ಯಾಹ್ನ ಕಮಿಟಿ ಬಂದಿತು. ಇಡೀ ಕಾಲೇಜು ಲ್ಯಾಬಿನ ಬಾಗಿಲಲ್ಲಿ ನೆರೆಯಿತು. ಬಸ್ಸಿನಿಂದಿಳಿದು ನೇರ ಬಂದಿದ್ದ ಮೇಡಂ ಶುರುಮಾಡಿದರು.

"ಜೀನುಗಳ ನಡುವೆ ಜಾಗದಿಂದ ಜಾಗಕ್ಕ ಜಿಗಿಯೋ ಪುಂಡ ತುಣುಕು ಇರ್ತಾವ್ರಿ. ರಂಗಂಪೇಟಿ ಹಣ್ಣಿನಂಗಡಿ ನೊಣದಾಗ ಆ ಪುಂಡರೂ ಅದಾರ, ಅವರ ಬಾಯಿ ಮುಚ್ಚಿಸೋ ಸಣ್ಣ ಆರ್‌ಎನ್‌ಎ ಕಾವಲೂ ಅದ. ಲ್ಯಾಬಿನ ನೊಣದಾಗ ಎರಡೂ ಇಲ್ಲ. ಕಾವಲನ್ನ ತಾಯಿ ಮೊಟ್ಟಿಯೊಳಗಿಟ್ಟು ಕಳಸ್ತಾಳ. ಅಪ್ಪ ಪುಂಡರನ್ನಷ್ಟೇ ಕೊಡ್ತಾನ. ಮೊದಲನೇ ಬಾಟ್ಲಿಯವಕ್ಕ ಅಂಗಡಿ ತಾಯಿ, ಲ್ಯಾಬಿನ ಅಪ್ಪ. ಭರಪೂರ ಸಂತಾನ. ಎರಡನೇದಕ್ಕ ಅಂಗಡಿ ಅಪ್ಪ, ಲ್ಯಾಬಿನ ತಾಯಿ. ಕಾವಲಿಲ್ಲ, ಪುಂಡರು ಜಿಗಿದಾಡಿ ಬೀಜಾನೇ ಕೆಡಸ್ತಾರ, ಎಲ್ಲಾ ಬಂಜಿ. ಅದಕ್ಕ ಪೂರಾ ಖಾಲಿ. ಖಾಲಿ ಇರೋದೇ ನಮ್ಮ ಪ್ರಯೋಗ!"

ಎತ್ತಿ ಹಿಡಿದ ಬಾಟಲಿಯಲ್ಲಿ ಹುಳಗಳು ಮಿಜಿಮಿಜಿ ಅನ್ನುತ್ತಿದ್ದವು.

"ಅಂಬ್ರಪ್ಪಾ!"

ಅವನು ಎರಡನೇ ಲಗ್ನದ ಕತೆ ಪೂರಾ ಒಪ್ಪಿಸಿದ. ಸಲಹೆ ಯಾರದೆಂಬುದನ್ನೂ ಬಿಡಲಿಲ್ಲ. ಕಮಿಟಿಯ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರ ಮೇಡಂ, ಹೆಣ್ಣು ಬದಲಿಸಿದ್ರ ಸರಿ ಹೋಯ್ತಲ್ರಿ?"

"ಎಲ್ಲಿ ಸರಿ ಹೋಯ್ತ್ರಿ? ಇದರಾಗಿನ ಗಂಡುಗಳೂ ಬಂಜೀನೇ. ಹೊಸ ಹೆಣ್ಣು ಆ ಹಿಂದಿನ ಮನಿಯಾಗೇ ಬಸಿರಾಗಿ ಬಂದಾವ. ಈ ಕೂಸಿಗೂ ಈ ಗಂಡುಗಳಿಗೂ ಏನೂ ಸಂಬಂಧ ಇಲ್ಲ."

ಮೊದಲು ಶಂಕ್ರಮ್ಮ ಸಾಬಣ್ಣನ ಕಡೆ ತಿರುಗಿದಳು. ಆಮೇಲೆ ಇಬ್ಬರು ಲೆಕ್ಚರರು. ಕೊನೆಗೆ, ಅವನ ಮಗ ಹುಟ್ಟಿದಾಗ ಪೇಡೆ ತಿಂದಿದ್ದ ಪ್ರಿನ್ಸಿಪಾಲರು. ತಿಂಗಳೆಣಿಸುತ್ತ ಬೆರಳು ಮಡಿಚುತ್ತಿದ್ದ ಸಾಬಣ್ಣ ಏಳಕ್ಕೆ ನಿಂತುಬಿಟ್ಟ.

"ಈ ಲಗ್ನದ ಕತಿಯಷ್ಟು ಚಂದ ಈ ಪ್ರಯೋಗ ಯಾರೂ ತಿಳಿಸಿದ್ದಿಲ್ಲ!" ಹಿರಿಯರು ಕಣ್ಣೊರೆಸಿಕೊಂಡರು. "ಈ ಮನುಷ್ಯಾನ್ನ ಇವತ್ತೇ ಕಾಯಂ ಮಾಡ್ರಿ. ಫೈಲ್ ತರ್ರಿ, ಶಿಫಾರಸು ಬರೀತೀನಿ."

ಕಾಲೇಜಿನ ಫೈಲುಗಳ ಬೀಗದ ಕೈ ಇದ್ದದ್ದು ಕ್ಲರ್ಕಿನ ಹತ್ತಿರ. ಅವನು ಅಂಬ್ರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾವ ಅಂಬ್ರಪ್ಪ್ರಿ? ಆ ಹೆಸರಿನ ಫೈಲ್ ನಮ್ಮಲ್ಲಿ ಹುಟ್ಟೇ ಇಲ್ಲ."